ಕೋಚ್ ಲೆಡ್ಜರ್‌ನಲ್ಲಿ ಇಲ್ಲದ ಕಾಲಂ

ತೊಂಬತ್ತರ ದಶಕದಲ್ಲಿ ನಾನು ಎಂಟುನೂರು ಮೀಟರ್ ಓಡುತ್ತಿದ್ದೆ. ಇದ್ದದ್ದು ಒಂದು ಕ್ರೀಡಾ ಹಾಸ್ಟೆಲ್‌ನಲ್ಲಿ. ಪ್ರತಿ ಶನಿವಾರ ಬೆಳಿಗ್ಗೆ ಮೆಸ್ ಬಾಗಿಲಲ್ಲೇ ತೂಕದ ಮಷಿನ್, ಪಕ್ಕದಲ್ಲಿ ಲೆಡ್ಜರ್ ಹಿಡಿದ ನಮ್ಮ ಸರ್. ತೂಕ, ಟೈಮಿಂಗ್, ಎದ್ದ ತಕ್ಷಣದ ನಾಡಿ, ಎಲ್ಲಕ್ಕೂ ಒಂದೊಂದು ಕಾಲಂ. ಅರ್ಧ ಕೆಜಿ ಏರಿಸಿಕೊಂಡವಳಿಗೆ ಅವತ್ತು ಎರಡೇ ಇಡ್ಲಿ. ಮುಟ್ಟಿನ ದಿನ "ಹೊಟ್ಟೆ ನೋವು ಸರ್" ಅಂದರೆ ಮುಖ ಆ ಕಡೆ ತಿರುಗಿಸಿ "ಹೋಗಮ್ಮ, ನೆರಳಲ್ಲಿ ಕೂತ್ಕೋ" ಅನ್ನುತ್ತಿದ್ದರು. ಕೆಟ್ಟವರೇನಲ್ಲ, ಪಾಪ. ಸಂಕೋಚ.

ನನ್ನ ರೂಮ್‌ಮೇಟ್‌ಗೆ ಏಳು ತಿಂಗಳು ಮುಟ್ಟೇ ಆಗಲಿಲ್ಲ. "ಪುಣ್ಯವಂತೆ ಕಣೇ ನೀನು" ಅಂತ ನಾವೆಲ್ಲ ಹೊಟ್ಟೆಕಿಚ್ಚು ಪಟ್ಟೆವು. ಟೈಮಿಂಗ್ ಬೇರೆ ಸುಧಾರಿಸುತ್ತಿತ್ತು. ಎಂಟನೇ ತಿಂಗಳು ಮೊಣಕಾಲ ಕೆಳಗಿನ ಮೂಳೆ ಬಿರುಕು ಬಿಟ್ಟಿತು. ಎಡವಿರಲಿಲ್ಲ, ಬಿದ್ದಿರಲಿಲ್ಲ, ದಿನಾ ಓಡುವ ಹಾಗೇ ಓಡುತ್ತಿದ್ದಳು. ಮುಂದಿನ ವರ್ಷ ಮದುವೆಯಾಗಿ ಹೋದಳು.

2019ರಲ್ಲಿ ಅಮೆರಿಕದ ಮೇರಿ ಕೇನ್ ಮಾತಾಡಿದ ವಿಡಿಯೊ ನೋಡಿದಾಗ ಮೊದಲು ನೆನಪಾದದ್ದು ಅವಳೇ. ಹದಿನೇಳಕ್ಕೇ, 2013ರ ಮಾಸ್ಕೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1500 ಮೀಟರ್ ಫೈನಲ್ ಓಡಿದ ಹುಡುಗಿ ಆಕೆ. ಆಮೇಲೆ ಕೋಚ್ ಆಲ್ಬರ್ಟೊ ಸಲಾಜಾರ್ ನಡೆಸುತ್ತಿದ್ದ, ಶೂ ಕಂಪನಿ ನೈಕಿಯ ಓಟಗಾರರ ತರಬೇತಿ ತಂಡ ಒರೆಗಾನ್ ಪ್ರಾಜೆಕ್ಟ್ ಸೇರಿದಳು. ತೂಕ ಇಳಿಸು, ಇನ್ನೂ ಇಳಿಸು ಅಂತ ಒತ್ತಡ ಹಾಕಿದರು, ಮೂರು ವರ್ಷ ಮುಟ್ಟು ನಿಂತಿತ್ತು, ಐದು ಮೂಳೆ ಮುರಿದವು ಅಂತ ಆಕೆಯೇ ಹೇಳಿದ್ದು. ಸಲಾಜಾರ್ ಆರೋಪ ಅಲ್ಲಗಳೆದರು. ಅಷ್ಟು ದುಡ್ಡು, ಅಷ್ಟು ವಿಜ್ಞಾನ ಇದ್ದ ಕಡೆಯ ಕಥೆ ಇದು. ನಮ್ಮ ಮೆಸ್ ಬಾಗಿಲಿನ ಮಷಿನ್‌ಗೂ ಅದಕ್ಕೂ ಏನು ವ್ಯತ್ಯಾಸ, ಹೇಳಿ.

ಒಳಗೆ ನಡೆಯುವುದು ಸರಳ. ಓಟಕ್ಕೆ ಖರ್ಚಾದಷ್ಟು ಊಟ ಹೊಟ್ಟೆಗೆ ಬೀಳದಿದ್ದರೆ ಮೈ ಉಳಿತಾಯಕ್ಕೆ ಇಳಿಯುತ್ತದೆ. ಹೆರಿಗೆಗೆ ಬೇಕಾದ ವ್ಯವಸ್ಥೆಯನ್ನೇ ಮೊದಲು ಬಂದ್ ಮಾಡುತ್ತದೆ. ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಸೂಚನೆ ಕ್ಷೀಣಿಸಿ, ಈಸ್ಟ್ರೊಜೆನ್ ಕುಸಿಯುತ್ತದೆ. ಅದು ಕುಸಿದರೆ ಮೂಳೆ ಸವೆಯುತ್ತದೆ, ಅದೂ ಮೂಳೆ ಗಟ್ಟಿಯಾಗಬೇಕಾದ ಹದಿಹರೆಯದಲ್ಲಿ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆಲ್ಲ ಸೇರಿಸಿ ರೆಡ್-ಎಸ್ ಅಂತ ಹೆಸರಿಟ್ಟಿತು. ಹೆಸರು ಮರೆತರೂ ಪರವಾಗಿಲ್ಲ. ಮುಟ್ಟು ನಿಂತರೆ ತರಬೇತಿ ಚೆನ್ನಾಗಿ ಸಾಗುತ್ತಿದೆ ಅಂತ ಮಾತ್ರ ಯಾವ ಕೋಚೂ ಅಂದುಕೊಳ್ಳಬಾರದು.

ಈಗ ಇನ್ನೊಂದು ಅತಿ ಶುರುವಾಗಿದೆ. 2020ರಲ್ಲಿ ಇಂಗ್ಲೆಂಡಿನ ಚೆಲ್ಸಿ ಮಹಿಳಾ ಫುಟ್‌ಬಾಲ್ ತಂಡದ ಆಗಿನ ಕೋಚ್ ಎಮ್ಮಾ ಹೇಯ್ಸ್ ಆಟಗಾರ್ತಿಯರ ತರಬೇತಿಯನ್ನು ಋತುಚಕ್ರಕ್ಕೆ ಹೊಂದಿಸಿದ್ದು ಸುದ್ದಿಯಾದ ಮೇಲೆ ಎಲ್ಲರಿಗೂ ಮುಟ್ಟಿನ ಲೆಕ್ಕ ಇಡುವ ಒಂದು ಆ್ಯಪ್ ಬೇಕು. ಇಂಥ ದಿನ ಭಾರ ಎತ್ತು, ಇಂಥ ದಿನ ಬೇಡ ಅಂತ ಪಂಚಾಂಗ ನೋಡಿದ ಹಾಗೆ ಹೇಳುವುದಕ್ಕೆ ಗಟ್ಟಿ ಪುರಾವೆ ಇನ್ನೂ ಇಲ್ಲ. ಒಬ್ಬೊಬ್ಬಳ ಮೈ ಒಂದೊಂದು ಥರ. ಮುಟ್ಟಿನ ದಿನ ಬರೆದಿಡಲಿ, ಆದರೆ ಆ ಪುಸ್ತಕ ಆಯ್ಕೆ ಸಮಿತಿಯ ಟೇಬಲ್ಲಿಗೆ ಹೋಗಕೂಡದು. ಹೋದರೆ ನಾಳೆಯಿಂದ ಎಲ್ಲರೂ ಸುಳ್ಳೇ ಬರೆಯುತ್ತಾರೆ. ನಾನಾದರೂ ಅದನ್ನೇ ಮಾಡುತ್ತಿದ್ದೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಎತ್ತಿದ್ದು ಒಟ್ಟು 199 ಕೆಜಿ. ಕಂಚು ಹೋದದ್ದು 200ಕ್ಕೆ. ಮುಟ್ಟಿನ ಮೂರನೇ ದಿನ, ನಿಶ್ಶಕ್ತಿ ಇತ್ತು ಅಂತ ಕ್ಯಾಮೆರಾ ಮುಂದೆಯೇ ಹೇಳಿದಳು. ನೆಪ ಹೇಳ್ತಾಳೆ ಅಂದವರೂ ಇದ್ದರು. ನನಗಂತೂ ಆ ಒಂದು ವಾಕ್ಯ ಕೇಳಿ ಕಣ್ಣು ತುಂಬಿತು. ನಮ್ಮ ಬಾಯಲ್ಲಿ ಅದು "ಹೊಟ್ಟೆ ನೋವು ಸರ್" ಆಚೆ ದಾಟಿರಲೇ ಇಲ್ಲ.

ನಮ್ಮಕ್ಕನ ಮಗಳು ಈಗ ನಾನೂರು ಮೀಟರ್ ಓಡುತ್ತಾಳೆ. ಅವಳ ಕೋಚೂ ಗಂಡಸೇ, ಮೂವತ್ತೈದರ ಆಸುಪಾಸು. ಹೋದ ತಿಂಗಳು ಅಕ್ಕನಿಗೆ ಫೋನ್ ಮಾಡಿದ್ದರು: "ಮೇಡಂ, ಎರಡು ತಿಂಗಳಿಂದ ಡೇಟ್ ಬಂದಿಲ್ಲ ಅಂತ ಹುಡುಗಿ ಬರೆದಿದ್ದಾಳೆ. ಟ್ರ್ಯಾಕ್ ನಿಲ್ಲಿಸಿದ್ದೀನಿ. ಡಾಕ್ಟರ್‌ಗೆ ತೋರಿಸಿ. ಹಾಗೇ ರಾತ್ರಿ ಊಟ ಬಿಡ್ತಿದ್ದಾಳಾ ಸ್ವಲ್ಪ ನೋಡಿ."

ಬಿಡ್ತಿದ್ದಳು.