ಒಂದೇ ಮನೆಯ ಇಬ್ಬರು ಗುರ್‌ಪ್ರೀತ್

ಲುಧಿಯಾನದ ಕಚೇರಿಗೆ ಮೂರು ತಿಂಗಳು ‘ಗುರ್‌ಪ್ರೀತ್ ಮೇಡಂ’ ಅಂತಲೇ ಮೇಲ್ ಬರೆದಿದ್ದೆ. ನಮ್ಮ ಬೀದಿಯಲ್ಲಿ ನಾಲ್ಕು ಜನ ಪ್ರೀತಿಯರಿದ್ದಾರೆ, ನಾಲ್ವರೂ ಹೆಣ್ಣುಮಕ್ಕಳೇ, ನನ್ನ ತಪ್ಪೇನು? ಒಂದು ದಿನ ಫೋನ್ ಮಾಡಿದರೆ ಬಾವಿಯೊಳಗಿಂದ ಬಂದಂಥ ಗಡಸು ದನಿ: “ನಾನೇ ಗುರ್‌ಪ್ರೀತ್ ಸಿಂಗ್.” ನಾನು ತಡವರಿಸುವಷ್ಟರಲ್ಲಿ ಅವರೇ ನಕ್ಕರು. “ಪರವಾಗಿಲ್ಲ ಸಾರ್, ನನ್ನ ಹೆಂಡತಿ ಹೆಸರೂ ಗುರ್‌ಪ್ರೀತೇ. ನೀವು ಹೇಳೋ ಮೇಡಂ ಮನೇಲಿದ್ದಾಳೆ.”

ಸಿಖ್ಖರಲ್ಲಿ ಹೆಸರಿಗೆ ಗಂಡು ಹೆಣ್ಣೆಂಬ ಭೇದ ಹೆಚ್ಚುಕಡಿಮೆ ಇಲ್ಲ. ಮುಂದೆ ಗುರ್, ಹರ್, ಜಸ್, ಸುಖ್, ಮನ್. ಹಿಂದೆ ಪ್ರೀತ್, ದೀಪ್, ಜೀತ್, ಇಂದರ್. ಯಾವುದಕ್ಕೆ ಯಾವುದನ್ನು ಜೋಡಿಸಿದರೂ ಒಂದು ಹೆಸರಾಗುತ್ತದೆ, ಅರ್ಥವೂ ನಮಗೆ ತಿಳಿಯುತ್ತದೆ. ಗುರುಪ್ರೀತಿ, ಕುಲದೀಪ ಎಂಬ ನಮ್ಮ ಮಾತುಗಳೇ ಬಾಲದ ಸ್ವರ ಉದುರಿಸಿಕೊಂಡು ಪಂಜಾಬಿನಲ್ಲಿ ಓಡಾಡುತ್ತಿವೆ. ಗಂಡಾದರೆ ಸಿಂಗ್, ಅಂದರೆ ಸಿಂಹ. ಹೆಣ್ಣಾದರೆ ಕೌರ್, ರಾಜಕುಮಾರಿ. ಮದುವೆಯಾದರೂ ಕೌರ್ ಕೌರೇ. ಹಾಗಂತ ಸಿಂಗ್ ಎಂದವರೆಲ್ಲ ಸಿಖ್ಖರೂ ಅಲ್ಲ; ರಜಪೂತರಲ್ಲೂ ಬೇಕಾದಷ್ಟು ಸಿಂಹಗಳಿವೆ.

ಅಕ್ಷರ ಆರಿಸುವ ಕ್ರಮ ನನಗೆ ಬಲು ಇಷ್ಟ. ನಮ್ಮಲ್ಲಿ ಜೋಯಿಸರು ನಕ್ಷತ್ರದ ಪಾದ ನೋಡಿ ಅಕ್ಷರ ಹೇಳುತ್ತಾರೆ. ಆರಿದ್ರಾ ಮೂರನೇ ಪಾದದಲ್ಲಿ ಹುಟ್ಟಿದ ಮಗುವಿಗೆ ಸಿಗುವುದು ‘ಙ’. ಆ ಅಕ್ಷರಕ್ಕೆ ಹೆಸರು ಹುಡುಕುವ ಅಪ್ಪನ ಮುಖ ನೀವು ನೋಡಬೇಕು. ಗುರುದ್ವಾರದಲ್ಲಾದರೆ ಗ್ರಂಥ ಓದುವ ಗ್ರಂಥಿಗಳು ಅರ್ದಾಸ್, ಅಂದರೆ ಪ್ರಾರ್ಥನೆ, ಮಾಡಿ ಸಿಖ್ಖರ ಪವಿತ್ರ ಗ್ರಂಥವಾದ ಗುರು ಗ್ರಂಥ ಸಾಹಿಬ್ ಅನ್ನು ತೆರೆಯುತ್ತಾರೆ. ಎಲ್ಲಿ ತೆರೆಯಿತೋ ಅಲ್ಲಿ, ಎಡಪುಟದ ಮೇಲ್ಭಾಗದ ಶಬದ್, ಅಂದರೆ ಪದ್ಯ, ಓದುತ್ತಾರೆ. ಅದೇ ಹುಕಮ್, ಗುರುವಿನ ಅಪ್ಪಣೆ. ಅದರ ಮೊದಲ ಅಕ್ಷರವೇ ಮಗುವಿನ ಹೆಸರಿಗೆ ಮೊದಲ ಅಕ್ಷರ. ಗಳಿಗೆ ಇಲ್ಲ, ದೋಷ ಇಲ್ಲ, ದೋಷಕ್ಕೊಂದು ಶಾಂತಿಯ ಖರ್ಚೂ ಇಲ್ಲ. ಮನೆಯವರು ಹೆಸರು ಆರಿಸಿದ ಮೇಲೆ ಗ್ರಂಥಿಗಳು ಅದನ್ನು ನೆರೆದ ಭಕ್ತರ ಸಂಗತ್‌ಗೆ ಸಾರಿದರೆ ಮುಗಿಯಿತು.

ಸಿಂಗ್ ಬಂದ ಕಥೆಯಲ್ಲಿ ನಮ್ಮವರೂ ಒಬ್ಬರಿದ್ದಾರೆ. 1699ರ ವೈಶಾಖಿಯಂದು ಆನಂದಪುರದಲ್ಲಿ ಸಿಖ್ಖರ ಹತ್ತನೇ ಗುರು ಗೋಬಿಂದರು ತಲೆ ಕೊಡುವವರು ಯಾರೆಂದು ಕೇಳಿದಾಗ ಎದ್ದ ಐವರಲ್ಲಿ ಬೀದರಿನ ಕ್ಷೌರಿಕ ಸಾಹಿಬ್ ಚಂದ್ ಒಬ್ಬರು. ದೀಕ್ಷೆಯ ಅಮೃತ ಕುಡಿದು ಸಾಹಿಬ್ ಸಿಂಗ್ ಆದರು. ಆಮೇಲೆ ಗುರುಗಳೇ ಆ ಐವರ ಮುಂದೆ ಕೈಯೊಡ್ಡಿ ಅಮೃತ ಪಡೆದು, ಗೋಬಿಂದ್ ರಾಯ್ ಇದ್ದವರು ಗೋಬಿಂದ್ ಸಿಂಗ್ ಆದರು. ಗುರುವಿಗೂ ಕ್ಷೌರಿಕನಿಗೂ ಒಂದೇ ಕೊನೆಹೆಸರು! ಜಾತಿ ಹೇಳುವ ಬಾಲ ಕತ್ತರಿಸುವುದೇ ಉದ್ದೇಶ. ಪೂರ್ತಿ ಕತ್ತರಿಸಿತೇ ಎಂದರೆ, ಗಿಲ್, ಸಂಧು, ಧಿಲ್ಲೋನ್ ಎಂದು ಕುಲದ ಹೆಸರುಗಳು ಸಿಂಗ್ ಹಿಂದೆಯೇ ಮತ್ತೆ ಬಂದು ಕೂತಿವೆ. ಊರ ಹೆಸರೂ ಉಂಟು: ಪ್ರತಾಪ್ ಸಿಂಗ್ ಕೈರೋನ್, ಪ್ರಕಾಶ್ ಸಿಂಗ್ ಬಾದಲ್. ಕೆನಡಾದ ವಲಸೆ ಇಲಾಖೆಗಂತೂ ಇಷ್ಟೊಂದು ಸಿಂಗ್, ಕೌರ್‌ಗಳನ್ನು ನೋಡಿ ತಲೆ ತಿರುಗಿತು. ಬೇರೆ ಕೊನೆಹೆಸರು ತನ್ನಿ ಎಂದು ವರ್ಷಗಟ್ಟಲೆ ಹೇಳಿ, 2007ರಲ್ಲಿ ಆ ಪಟ್ಟು ಬಿಟ್ಟಿತು.

ನಮ್ಮಲ್ಲಿ ‘ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆಗೆ ತತ್ವಾರ’ ಎನ್ನುತ್ತಾರೆ. ಪಂಜಾಬಿನ ಹಳ್ಳಿಯಲ್ಲಿ ಎಂದೂ ಸೇನೆ ಸೇರದ ಜರ್ನೈಲ್ ಸಿಂಗ್, ಕರ್ನೈಲ್ ಸಿಂಗ್ ಸಿಗುತ್ತಾರೆ. ಜನರಲ್, ಕರ್ನಲ್ ಪದವಿಗಳು ತೊಟ್ಟಿಲಲ್ಲೇ ಸಿಕ್ಕವು. ಇಷ್ಟು ಗಂಭೀರದ ಹೆಸರಿಟ್ಟು ಮನೆಯಲ್ಲಿ ಕರೆಯುವುದು ಹ್ಯಾಪಿ, ಲಕ್ಕಿ, ಪಿಂಕಿ ಅಂತ. ನಮ್ಮ ಗುರ್‌ಪ್ರೀತ್ ದಂಪತಿಯೂ ಮನೆಯಲ್ಲಿ ಹ್ಯಾಪಿ ಮತ್ತು ಡಿಂಪಿ. ಇಲ್ಲದಿದ್ದರೆ ಅತ್ತೆ “ಗುರ್‌ಪ್ರೀತ್, ಚಾ ಇಡು” ಅಂದಾಗ ಇಬ್ಬರೂ ಏಳಬೇಕು, ಅಥವಾ ಇಬ್ಬರೂ ಏಳುವುದಿಲ್ಲ.

ಕಳೆದ ವಾರ ಅವರಿಂದ ವಾಟ್ಸಾಪ್ ಬಂತು. ಮಗು ಹುಟ್ಟಿದೆ, ಹುಕಮ್‌ನಲ್ಲಿ ‘ಗ’ ಬಂತು, ಗುರ್‌ನೂರ್ ಅಂತ ಇಟ್ಟಿದ್ದೇವೆ. ಕೆಳಗೆ ಫೋಟೊ: ಹಳದಿ ಟೋಪಿ, ಮುಚ್ಚಿದ ಕಣ್ಣು. ಹೆಸರಿನ ಕೊನೆಗೆ ಸಿಂಗ್ ಇರಲಿಲ್ಲ, ಕೌರ್ ಇರಲಿಲ್ಲ. ಹಳೆಯ ಪೆಟ್ಟು ನೆನಪಾಗಿ, “ತುಂಬ ಮುದ್ದಾಗಿದೆ ಸಾರ್” ಅಂತಷ್ಟೇ ಬರೆದು ಕಳಿಸಿದೆ.