ನಮ್ಮ ಬೋರ್‌ವೆಲ್ ಎಷ್ಟು ಅಡಿ ಅಂತ ನನಗೆ ಗೊತ್ತಿರಲಿಲ್ಲ

ಮೊನ್ನೆ ನಮ್ಮ ಕಾಲೇಜಿನ ಜೂನಿಯರ್ ಹುಡುಗಿಯೊಬ್ಬಳು ಮೆಸೇಜ್ ಮಾಡಿದ್ದಳು. ಎಂ.ಎಸ್ ಮಾಡಲು ಜರ್ಮನಿಗೆ ಬರುವ ತಯಾರಿಯಲ್ಲಿದ್ದಾಳೆ. ಎಪಿಎಸ್ ಸರ್ಟಿಫಿಕೇಟ್ (ನಮ್ಮ ಮಾರ್ಕ್ಸ್ ಕಾರ್ಡ್ ಪರಿಶೀಲಿಸಿ ಕೊಡುವ ಪತ್ರ), ಬ್ಲಾಕ್ಡ್ ಅಕೌಂಟ್ (ವೀಸಾಕ್ಕಾಗಿ ಒಂದು ವರ್ಷದ ಖರ್ಚಿನ ಹಣ ಮೊದಲೇ ಇಡುವ ಖಾತೆ), ರೂಮು, ಪಾರ್ಟ್ ಟೈಮ್ ಕೆಲಸ, ಎಲ್ಲ ಕೇಳಿದಳು. ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದೆ. ಕೊನೆಗೆ ಒಂದು ಸಾಲು ಬರೆದಳು: "ಅಕ್ಕ, ಅಲ್ಲಿಗೆ ಹೋಗಿ ನೀವು ನಿಜವಾಗಿ ಏನು ಕಲಿತಿರಿ?" ಅದಕ್ಕೆ ಆ ರಾತ್ರಿ ಉತ್ತರ ಬರೆಯಲು ಆಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ನಾನು ತಿಪಟೂರು ತಾಲ್ಲೂಕಿನ ಹಳ್ಳಿಯವಳು. ನಮ್ಮದು ತೆಂಗಿನ ತೋಟ. ಅಟ್ಟದ ಮೇಲೆ ಕಾಯಿ ತುಂಬಿ, ಹತ್ತು ಹನ್ನೊಂದು ತಿಂಗಳು ಕಾದು, ಉಂಡೆ ಕೊಬ್ಬರಿ ಮಾಡಿ, ಎಪಿಎಂಸಿಗೆ ಹಾಕುವ ಮನೆ. ತುಮಕೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿ, 2023ರ ಅಕ್ಟೋಬರಿನಲ್ಲಿ ಸ್ಟುಟ್‌ಗಾರ್ಟಿಗೆ ಬಂದೆ, ಜಲ ಸಂಪನ್ಮೂಲದ ವಿಷಯ ಓದಲು. ಬ್ಲಾಕ್ಡ್ ಅಕೌಂಟಿಗೆ ಆಗ 11,208 ಯೂರೋ ಇಡಬೇಕಿತ್ತು, ಅಂದರೆ ಹತ್ತು ಲಕ್ಷ ರೂಪಾಯಿ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸ್ ಇಲ್ಲ ಅನ್ನುತ್ತಾರೆ, ಆದರೆ ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಮನೆ ಪತ್ರ ಬ್ಯಾಂಕಿಗೆ ಹೋಯಿತು. ಇಷ್ಟು ಸಾಕು, ಹಣದ ವಿಷಯ ಎಲ್ಲರ ಮನೆಯದೂ ಒಂದೇ.

ಬಂದು ಆರೇಳು ವಾರ ಆಗಿತ್ತು. ಅಂತರ್ಜಲದ ಕ್ಲಾಸು. ನಮ್ಮ ಪ್ರೊಫೆಸರ್ ಅವತ್ತು ಡಾರ್ಸಿ ನಿಯಮ, ಅಂದರೆ ನೆಲದೊಳಗೆ ನೀರು ಎಷ್ಟು ಹರಿಯುತ್ತದೆ ಅನ್ನುವ ಲೆಕ್ಕ, ಹೇಳುತ್ತಿದ್ದರು. 1856ರಲ್ಲಿ ಫ್ರಾನ್ಸಿನ ದಿಜೋನ್ ಊರಿನ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳಿನ ಮೂಲಕ ನೀರು ಹರಿಸಿ ನೋಡಿ ಪ್ರಕಟಿಸಿದ ಲೆಕ್ಕ ಅದು. ನನಗೆ ಬಾಯಿಪಾಠ. ನೆಮ್ಮದಿಯಾಗಿ ಕೂತಿದ್ದೆ. ಆಗ ಅವರು ನನ್ನ ಕಡೆ ತಿರುಗಿ ಕೇಳಿದರು: "ನಿಮ್ಮ ಊರಲ್ಲಿ ನೀರು ಎಷ್ಟು ಆಳದಲ್ಲಿದೆ?"

ಬೋರ್‌ವೆಲ್ ನೀರು ಕುಡಿದು ಬೆಳೆದವಳು ನಾನು. ನಮ್ಮ ತೋಟದಲ್ಲಿ ನಾಲ್ಕು ಸಲ ಬೋರ್ ಕೊರೆಸಿದ್ದಾರೆ. ಆದರೂ ಗೊತ್ತಿರಲಿಲ್ಲ. "ಇನ್ನೂರು ಮೀಟರ್" ಅಂದುಬಿಟ್ಟೆ. ಬಾಯಿಗೆ ಬಂದದ್ದು. ಅದು ಕೊರೆದ ಆಳವಾ, ನೀರಿನ ಮಟ್ಟವಾ ಅಂತ ಕೇಳಿದರು. ನೀರಿನ ಮಟ್ಟ ಅಂದೆ. ಮಳೆಗಾಲದಲ್ಲಿ ಎಷ್ಟು ಏರುತ್ತದೆ ಅಂದರು. ಅದಕ್ಕೂ ಒಂದು ಅಂಕಿ ಹೇಳಿದೆ. ಅವರು ಸಿಟ್ಟಿಲ್ಲದೆ ಕೇಳಿದರು: "ಇದು ಅಳೆದದ್ದಾ, ಅಂದಾಜಾ?" ನನ್ನ ಕಿವಿ ಬಿಸಿಯಾಯಿತು.

ಅದೇ ಕ್ಲಾಸಿನಲ್ಲಿ, ಹತ್ತು ನಿಮಿಷದ ಮೇಲೆ, ಹಿಂದಿನ ಬೆಂಚಿನ ಹುಡುಗ ಜೇಡಿಮಣ್ಣಿನ ಪದರದ ಬಗ್ಗೆ ಏನೋ ಕೇಳಿದ. ಪ್ರೊಫೆಸರ್ ಒಂದು ಕ್ಷಣ ಯೋಚಿಸಿ, "ನನಗೆ ಗೊತ್ತಿಲ್ಲ. ನೋಡಿಕೊಂಡು ಬಂದು ಮುಂದಿನ ವಾರ ಹೇಳುತ್ತೇನೆ" ಅಂದರು. ಯಾರೂ ಮುಖ ಮುಖ ನೋಡಿಕೊಳ್ಳಲಿಲ್ಲ. ಕ್ಲಾಸು ಮುಗಿದಾಗ ಎಲ್ಲರೂ ಎಂದಿನಂತೆ ಬೆರಳ ಗೆಣ್ಣಿನಿಂದ ಮೇಜು ಕುಟ್ಟಿದರು, ಇಲ್ಲಿ ಮೇಷ್ಟ್ರಿಗೆ ಮೆಚ್ಚುಗೆ ಹೇಳುವುದು ಹಾಗೆ. ಮುಂದಿನ ವಾರ ಅವರು ಒಂದು ಹಾಳೆ ಹಿಡಿದುಕೊಂಡು ಬಂದು ಮೊದಲು ಆ ಹುಡುಗನಿಗೆ ಉತ್ತರ ಕೊಟ್ಟರು.

ನಾಲ್ಕು ವರ್ಷ ಬಿ.ಇ. ಓದಿದ ನಾನು, ಪಾಠ ಮಾಡುವವರ ಬಾಯಿಂದ ಆ ಮಾತನ್ನು ಒಂದು ಸಲವೂ ಕೇಳಿರಲಿಲ್ಲ. ನಾವೂ ಹೇಳುತ್ತಿರಲಿಲ್ಲ. ವೈವಾದಲ್ಲಿ "ಗೊತ್ತಿಲ್ಲ ಸರ್" ಅಂದರೆ ಮಾರ್ಕ್ಸ್ ಹೋಯಿತು. ಏನಾದರೂ ಹೇಳು, ನಿಲ್ಲಿಸಬೇಡ, ಇದು ಸೀನಿಯರ್‌ಗಳು ನಮಗೆ ಕೊಟ್ಟ ಬುದ್ಧಿವಾದ. ನಾವು ಅದನ್ನು ಜೂನಿಯರ್‌ಗಳಿಗೆ ಕೊಟ್ಟೆವು. ಗೊತ್ತಿಲ್ಲದ್ದನ್ನು ಮುಚ್ಚುವುದರಲ್ಲಿ ನಾವು ಎಷ್ಟು ಪಳಗಿದ್ದೆವು ಅಂದರೆ, ಏನು ಗೊತ್ತಿಲ್ಲ ಅನ್ನುವುದೇ ನಮಗೆ ಮರೆತುಹೋಗಿತ್ತು.

ಆ ಭಾನುವಾರ ಅಪ್ಪನಿಗೆ ಫೋನ್ ಮಾಡಿದೆ. ಮಾಮೂಲಿ ಮಾತು ಎರಡು ನಿಮಿಷದ್ದು. ಊಟ ಆಯ್ತಾ, ಚಳಿ ಹೇಗಿದೆ, ಅಮ್ಮಂಗೆ ಕೊಡ್ತೀನಿ. ಆವತ್ತು ಕೇಳಿದೆ, "ಅಪ್ಪಾ, ನಮ್ಮ ಬೋರು ಎಷ್ಟು ಅಡಿ?"

"ಯಾಕವ್ವ ಈಗ ಕೇಳ್ತಿದೀಯ?" ಅಂದರು. ಆಮೇಲೆ ಒಂದು ಗಂಟೆ ಮಾತಾಡಿದರು. ಮೊದಲನೇದು 1994ರಲ್ಲಿ, 160 ಅಡಿ, ಎರಡೂವರೆ ಇಂಚು ನೀರು. ಎರಡನೇದು 380 ಅಡಿ. ಮೂರನೇದು 700. 2017ರಲ್ಲಿ 1,020 ಅಡಿ ಕೊರೆಸಿದ್ದು, ಬರೀ ಧೂಳು. ಆ ವರ್ಷ ಹೊಲದ ಅಂಚಿನ ಎಷ್ಟು ಮರದ ಸುಳಿ ಒಣಗಿತು ಅಂತ ಸಾಲು ಸಾಲಾಗಿ ಹೇಳಿದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಮ್ಮ ಕಡೆ ನೆಲದಡಿ ಇರುವುದು ಗಟ್ಟಿ ಬಂಡೆ. ಮೇಲಿನ ಕೊಳೆತ ಕಲ್ಲಿನ ಪದರ ಬತ್ತಿದ ಮೇಲೆ, ನೀರು ಇರುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ. ಬಿರುಕು ಸಿಕ್ಕರೆ ನೀರು, ಸಿಗದಿದ್ದರೆ ಧೂಳು. ಪಕ್ಕದ ತೋಟದಲ್ಲಿ ಬಂದ ನೀರು ಐವತ್ತು ಅಡಿ ಈಚೆ ಬರದಿರುವುದು ಅದಕ್ಕೇ. ಪುಸ್ತಕದಲ್ಲಿ ಓದಿದ್ದ ಇದನ್ನು ಅಪ್ಪ ಸಾಲ ಮಾಡಿ ಕಲಿತಿದ್ದರು. ನಾನು ಇಪ್ಪತ್ತೆರಡು ವರ್ಷ ಅದೇ ಮನೆಯಲ್ಲಿದ್ದೆ. ಒಂದು ದಿನವೂ ಕೇಳಿರಲಿಲ್ಲ.

ಕೇಳುವುದು ಕಲಿಯಲು ನನಗೆ ತುಂಬಾ ಸಮಯ ಹಿಡಿಯಿತು. ಮೊದಲ ತಿಂಗಳು ಒಂದು ಸಂಜೆ ತಪ್ಪು ಬಸ್ಸು ಹತ್ತಿ, ತಪ್ಪು ಅಂತ ಗೊತ್ತಾದ ಮೇಲೂ ಯಾರನ್ನೂ ಕೇಳದೆ ಕೊನೆ ಸ್ಟಾಪಿನವರೆಗೆ ಹೋಗಿ ಕತ್ತಲಲ್ಲಿ ಇಳಿದಿದ್ದೆ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತದೆ. ರೂಮಿನಲ್ಲಿ ಒಬ್ಬಳೇ ಕೂತು, ಊರಿನ ಗ್ರೂಪಿಗೆ ಕ್ರಿಸ್‌ಮಸ್ ಮಾರ್ಕೆಟ್ಟಿನ ಫೋಟೋ ಹಾಕುತ್ತಿದ್ದೆ.

ನನ್ನ ನಾಲಿಗೆ ಬಿಡಿಸಿದ್ದು ಬೇಕರಿ ಕೆಲಸ. ಇಲ್ಲಿ ಭಾನುವಾರ ಅಂಗಡಿಗಳೆಲ್ಲ ಬಾಗಿಲು ಹಾಕಿದರೂ ಬೇಕರಿಗಳು ಬೆಳಿಗ್ಗೆ ತೆರೆದಿರುತ್ತವೆ. ಬೆಳಗಿನ ಜಾವ ಎದ್ದು ಹೋಗುತ್ತಿದ್ದೆ. ಜರ್ಮನ್ ಕ್ಲಾಸಿನಲ್ಲಿ ಸಣ್ಣ ಬನ್ನಿಗೆ 'ಬ್ರ್ಯೋಟ್‌ಶೆನ್' ಅಂತ ಕಲಿಸಿದ್ದರು. ಮೊದಲ ದಿನ ಬಂದ ಅಜ್ಜಿ 'ವೆಕ್ಲೆ' ಬೇಕು ಅಂದರು. ನಾನು ತಲೆಯಾಡಿಸಿ, ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ಹಾಕಿ ಕೊಟ್ಟೆ. ಅವರು ತೆಗೆದು ನೋಡಿ ವಾಪಸ್ ಕೊಟ್ಟರು. ಎರಡನೇ ಸಲವೂ ತಪ್ಪು. ಆಮೇಲೆ ಹೇಳಿದೆ, ನನಗೆ ಆ ಮಾತು ಗೊತ್ತಿಲ್ಲ, ದಯವಿಟ್ಟು ತೋರಿಸಿ ಅಂತ. ಅವರ ಮುಖ ಅರಳಿತು. ಒಂದೊಂದಕ್ಕೂ ಬೆರಳು ತೋರಿಸಿ, ನಿಧಾನವಾಗಿ ಹೆಸರು ಹೇಳಿಕೊಟ್ಟರು. ವೆಕ್ಲೆ ಅನ್ನುವುದು ಈ ಸ್ವಾಬಿಯಾ ಸೀಮೆಯ ಮಾತು. ಆಮೇಲಿನ ಭಾನುವಾರಗಳಲ್ಲಿ ಅವರು ನನ್ನ ಸಾಲಿನಲ್ಲೇ ನಿಲ್ಲುತ್ತಿದ್ದರು.

ಸ್ಟುಟ್‌ಗಾರ್ಟಿನ ಪಕ್ಕದಲ್ಲೇ, ಲೋಕಲ್ ರೈಲಿನಲ್ಲಿ ಸ್ವಲ್ಪ ಹೊತ್ತಿನ ದಾರಿ, ಎಸ್‌ಲಿಂಗೆನ್ ಅಂತ ಊರಿದೆ. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಶುರು ಮಾಡಿದ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಅಲ್ಲಿ. ಒಂದು ಮಧ್ಯಾಹ್ನ ಬೇಕರಿ ಮುಗಿಸಿ ಸುಮ್ನೆ ಆ ಊರಿಗೆ ಹೋಗಿ ನೆಕರ್ ನದಿ ದಂಡೆಯಲ್ಲಿ ನಡೆದೆ. 1836ರಲ್ಲಿ ಇಪ್ಪತ್ತೈದು ವರ್ಷದ ಈ ಹುಡುಗ ಮಂಗಳೂರಿಗೆ ಬಂದಾಗ, ಇದಕ್ಕೆ ಏನಂತಾರೆ ಅಂತ ಎಷ್ಟು ಜನರನ್ನು ಕೇಳಿರಬೇಕು! ಅವನು ಕೇಳಿದ್ದಕ್ಕೆ ನಮ್ಮ ಜನ ಹೇಳಿಕೊಟ್ಟರು. ನನಗೆ ವೆಕ್ಲೆ ಹೇಳಿಕೊಟ್ಟ ಅಜ್ಜಿ ನೆನಪಾಗಿ ಕಣ್ಣು ತುಂಬಿತು.

ಇಷ್ಟರಲ್ಲಿ ಓದಿನಲ್ಲಿ ಬೇರೆಯೇ ಆಗಿತ್ತು. ಇಲ್ಲಿ 1.0 ಅಂದರೆ ಅತ್ಯುತ್ತಮ, 4.0ಕ್ಕೆ ಪಾಸು, 5.0 ಅಂದರೆ ಫೇಲ್. ಅಂತರ್ಜಲದ ಮಾಡೆಲಿಂಗ್ ಪೇಪರಿನಲ್ಲಿ ನನಗೆ 5.0 ಬಂತು. ಆರು ತಿಂಗಳ ಮೇಲೆ ಮತ್ತೆ ಬರೆದೆ. ಮತ್ತೆ 5.0. ನಮ್ಮ ಕಡೆ ಬ್ಯಾಕ್ ಇಟ್ಟುಕೊಂಡು ಮುಂದೆ ಹೋಗಿ ಮತ್ತೆ ಮತ್ತೆ ಬರೆಯಬಹುದು. ಇಲ್ಲಿ ಒಂದು ಪೇಪರನ್ನು ಇಷ್ಟೇ ಸಲ ಬರೆಯಬಹುದು ಅಂತ ಮಿತಿ ಇರುತ್ತದೆ. ನನಗೆ ಉಳಿದಿದ್ದು ಒಂದೇ ಸಲ. ಅದೂ ಹೋದರೆ ಕೋರ್ಸಿನಿಂದಲೇ ಹೊರಗೆ. ವೀಸಾ ನಿಂತಿರುವುದೇ ಆ ಕೋರ್ಸಿನ ಮೇಲೆ.

ಮನೆಯಲ್ಲಿ "ಎಲ್ಲಾ ಪಾಸು" ಅಂದಿದ್ದೆ. ಎರಡು ತಿಂಗಳು ಆ ಸುಳ್ಳಿನ ಜೊತೆ ಮಲಗಿ ಎದ್ದೆ. ವಿಡಿಯೋ ಕಾಲ್ ಬಂದರೆ ಕ್ಲಾಸಿದೆ ಅನ್ನುತ್ತಿದ್ದೆ. ಅಮ್ಮ ಯಾಕೋ ಮುಖ ಇಳಿದಿದೆಯಲ್ಲ ಅಂದರೆ ನೆಟ್‌ವರ್ಕ್ ಸರಿಯಿಲ್ಲ ಅನ್ನುತ್ತಿದ್ದೆ.

ಒಂದು ಬುಧವಾರ ಪ್ರೊಫೆಸರ್ ವಿದ್ಯಾರ್ಥಿಗಳಿಗೆ ಅಂತಲೇ ಇಟ್ಟ ಗಂಟೆಯಲ್ಲಿ ಅವರ ಕೋಣೆಗೆ ಹೋದೆ. ಬರೆದುಕೊಂಡು ಹೋಗಿದ್ದ ಪ್ರಶ್ನೆಗಳನ್ನೆಲ್ಲ ಬಿಟ್ಟು, "ನನಗೆ ಇದು ಅರ್ಥವಾಗಿಲ್ಲ, ಎಲ್ಲಿಂದ ಶುರು ಮಾಡಬೇಕು ಅಂತಲೂ ಗೊತ್ತಿಲ್ಲ" ಅಂದೆ. ಅವರು ನನ್ನ ನೋಟ್ಸ್ ತೆಗೆಸಿ, "ಯಾವ ಸಾಲಿನವರೆಗೆ ನಿಮಗೆ ಖಚಿತ?" ಅಂತ ಕೇಳಿದರು. ಎರಡನೇ ಪುಟದಲ್ಲೇ ನಿಂತೆ. ನಾನು ಸೂತ್ರ ಕಲಿತಿದ್ದೆ. ಆ ಸೂತ್ರ ಎಲ್ಲಿ ಸರಿ, ಎಲ್ಲಿ ನಡೆಯುವುದಿಲ್ಲ ಅನ್ನುವುದು ನನಗೆ ತಿಳಿದಿರಲಿಲ್ಲ. ಡಾರ್ಸಿ ಅಳೆದದ್ದು ಮರಳಿನಲ್ಲಿ. ನಮ್ಮೂರಿನ ಬಂಡೆಯ ಬಿರುಕಿನಲ್ಲಿ ಆ ಲೆಕ್ಕ ಇದ್ದ ಹಾಗೇ ಕೂರುವುದಿಲ್ಲ. ಪರೀಕ್ಷೆಯಲ್ಲಿ ಎರಡು ಸಲವೂ ಕೇಳಿದ್ದು ಇದನ್ನೇ, ನಾನು ಎರಡು ಸಲವೂ ಸೂತ್ರವನ್ನು ಅಂದವಾಗಿ ಬರೆದು ಬಂದಿದ್ದೆ.

ಆ ರಾತ್ರಿ ಅಪ್ಪನಿಗೆ ಹೇಳಿದೆ. ಎರಡು ಸಲ ಫೇಲ್ ಆಗಿದೀನಿ, ಸುಳ್ಳು ಹೇಳಿದ್ದೆ, ಇನ್ನೊಂದೇ ಸಲ ಇರೋದು. ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಲೈನ್ ಕಟ್ ಆಯಿತೇನೋ ಅಂದುಕೊಂಡೆ. ಆಮೇಲೆ, "ನಾಲ್ಕನೇ ಬೋರಿಗೆ ಮಾಡಿದ ಸಾಲಾನ ನಿಮ್ಮಮ್ಮಂಗೆ ಒಂದು ವರ್ಷ ಹೇಳಿರ್ಲಿಲ್ಲ ಕಣವ್ವ" ಅಂದರು. "ಆ ಒಂದು ವರ್ಷ ಸರಿಯಾಗಿ ನಿದ್ದೆ ಮಾಡ್ಲಿಲ್ಲ. ನೀನು ಎರಡೇ ತಿಂಗಳಿಗೆ ಹೇಳ್ದೆ. ಈಗ ಊಟ ಮಾಡಿ ಮಲ್ಕೋ."

ಈಗ ಅಮ್ಮನ ವಿಷಯ ಹೇಳಲೇಬೇಕು. ಅಮ್ಮ ಏಳನೇ ಕ್ಲಾಸಿನವರೆಗೆ ಓದಿದವರು. ಚಿಕ್ಕವಳಿದ್ದಾಗ ನಾನು ಏನು ಕೇಳಿದರೂ, ಗೊತ್ತಿಲ್ಲದಿದ್ದರೆ "ನಂಗೊತ್ತಿಲ್ಲ, ಅಜ್ಜೀನ ಕೇಳು" ಅನ್ನುತ್ತಿದ್ದರು. ಹೊಸ ಮಿಕ್ಸಿ ಬಂದಾಗ ಪಕ್ಕದ ಮನೆಯ ಹುಡುಗನನ್ನು ಕರೆದು, ತೋರಿಸಪ್ಪ ಅನ್ನುತ್ತಿದ್ದರು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನರನ್ನು ಕೇಳಿಯೇ ಮುಂದೆ ಹೆಜ್ಜೆ ಇಡುತ್ತಿದ್ದರು. ನನಗೆ ನಾಚಿಕೆ ಆಗುತ್ತಿತ್ತು. ಓದಿಲ್ಲ, ಅದಕ್ಕೇ ಎಲ್ಲ ಕೇಳುತ್ತಾರೆ ಅಂದುಕೊಂಡಿದ್ದೆ. ಕಾಲೇಜಿನಲ್ಲಿ ಫೀಸ್ ಕಟ್ಟುವಾಗ ಅವರು ಕ್ಲರ್ಕ್ ಹತ್ತಿರ ಎರಡು ಸಲ ಕೇಳಿದ್ದಕ್ಕೆ, "ಸುಮ್ನಿರಮ್ಮ" ಅಂತ ಎಲ್ಲರ ಮುಂದೆ ಗದರಿದ್ದೆ. ಸಮುದ್ರ ದಾಟಿ, ಮನೆ ಒತ್ತೆ ಇಟ್ಟು ನಾನು ಕಲಿತದ್ದು ಅಮ್ಮನಿಗೆ ಮೊದಲೇ ಬರುತ್ತಿತ್ತು. ಇದನ್ನು ಅವರಿಗೆ ಹೇಳಿದೆ. "ಹೋಗೇ, ಕೇಳೋದ್ರಲ್ಲಿ ಏನಿದೆ" ಅಂದರು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಹೊರದೇಶಕ್ಕೆ ಹೋದರೆ ಮಕ್ಕಳು ತಾನಾಗೇ ಬೆಳೆಯುತ್ತಾರೆ ಅನ್ನುವುದು ನಿಜವಲ್ಲ. ಎರಡು ವರ್ಷ ಇಲ್ಲಿದ್ದು, ಗೊತ್ತಿಲ್ಲ ಅನ್ನಲಾರದೆ, ಒಳಗೊಳಗೇ ಕುಸಿದವರನ್ನು ನೋಡಿದ್ದೇನೆ. ಫೋಟೋದಲ್ಲಿ ಅವರು ಚೆನ್ನಾಗಿಯೇ ಕಾಣುತ್ತಾರೆ. ಮನೆಯವರು ಫೋನಿನಲ್ಲಿ ಕೆಲಸ ಸಿಕ್ತಾ, ಸಂಬಳ ಎಷ್ಟು, ಅಲ್ಲೇ ಇರಬಹುದಾ ಅಂತಲೇ ಕೇಳುತ್ತಿದ್ದರೆ, ಆ ಮಕ್ಕಳು ಯಾವ ಬಾಯಲ್ಲಿ ನಿಜ ಹೇಳಬೇಕು? ಏನು ಕಷ್ಟ ಆಗ್ತಿದೆ ಅಂತ ಒಂದು ಸಲ ಕೇಳಿ. ಉತ್ತರ ಬರುವವರೆಗೆ ಫೋನ್ ಹಿಡಿದುಕೊಂಡಿರಿ. ನಮ್ಮ ಕಾಲೇಜುಗಳ ಮೇಷ್ಟ್ರುಗಳಿಗೂ ಒಂದು ಕೋರಿಕೆ ಇದೆ. ವೈವಾದಲ್ಲಿ ಯಾರಾದರೂ ಧೈರ್ಯ ಮಾಡಿ "ಗೊತ್ತಿಲ್ಲ" ಅಂದರೆ, ಅವರನ್ನು ಅಲ್ಲಿಗೇ ಬಿಡಬೇಡಿ. ಎಲ್ಲಿಯವರೆಗೆ ಗೊತ್ತಿದೆ ಅಂತ ಕೇಳಿ. ಇದಕ್ಕೆ ಲ್ಯಾಬ್ ಬೇಡ, ಗ್ರಾಂಟ್ ಬೇಡ. ಇದು ಅಲ್ಲೇ ಸಿಕ್ಕಿದ್ದರೆ ನಮ್ಮಲ್ಲಿ ಎಷ್ಟು ಜನ ಎಷ್ಟು ಮುಂದಿರುತ್ತಿದ್ದೆವು ಅಲ್ವಾ?

ಮೂರನೇ ಸಲ ಬರೆದೆ. 2.7 ಬಂತು. ಏಪ್ರಿಲ್ 2025ರಲ್ಲಿ ಊರಿಗೆ ಹೋದಾಗ ಬ್ಯಾಗಿನಲ್ಲಿ ನೂರು ಮೀಟರಿನ ಸ್ಟೀಲ್ ಟೇಪ್ ಇತ್ತು. ಎರಡನೇ ಬೋರಿನಲ್ಲಿ ಈಗ ಮೋಟಾರಿಲ್ಲ, ಮೇಲೆ ಚಪ್ಪಡಿ ಮುಚ್ಚಿದ್ದಾರೆ. ಅಪ್ಪ ಮತ್ತು ನಾನು ಚಪ್ಪಡಿ ಸರಿಸಿದೆವು. ಟೇಪಿನ ತುದಿಗೆ ತೂಕ ಕಟ್ಟಿ, ಕೆಳಗಿನ ಒಂದಷ್ಟು ಉದ್ದಕ್ಕೆ ಸೀಮೆಸುಣ್ಣ ತಿಕ್ಕಿ ಇಳಿಸಬೇಕು. ಮೇಲೆತ್ತಿದಾಗ ಸುಣ್ಣ ಎಲ್ಲಿಯವರೆಗೆ ನೆಂದಿದೆ ನೋಡಿದರೆ ನೀರಿನ ಮಟ್ಟ ಸಿಗುತ್ತದೆ. ಮೊದಲ ಸಲ ಸುಣ್ಣ ಒಣಗಿದ್ದು ಒಣಗಿದ ಹಾಗೇ ಬಂತು. ಇನ್ನಷ್ಟು ಇಳಿಸಿದೆವು. ಅಪ್ಪ ಟೇಪು ಹಿಡಿದರು, ನಾನು ಓದಿದೆ. 214 ಅಡಿ. ಕೊಬ್ಬರಿ ಲೆಕ್ಕದ ಡೈರಿಯಲ್ಲಿ, ತೂಕ ಮತ್ತು ರೇಟಿನ ಪಕ್ಕ, ಅಪ್ಪ ಅದನ್ನು ಬರೆದುಕೊಂಡರು. ಟೇಪು ಅಲ್ಲೇ ಬಿಟ್ಟು ಬಂದೆ.

ಅವತ್ತಿನಿಂದ ಪ್ರತಿ ತಿಂಗಳು ಒಂದನೇ ತಾರೀಕು ಡೈರಿ ಪುಟದ ಫೋಟೋ ವಾಟ್ಸಾಪಿಗೆ ಬರುತ್ತದೆ. ಜೂನಿನಲ್ಲಿ 219. ನವೆಂಬರ್ ಒಂದಕ್ಕೆ ಬಂದದ್ದು 187. ಕೆಳಗೆ ಅಮ್ಮನ ಕೈಬರಹದಲ್ಲಿ ಒಂದು ಸಾಲಿತ್ತು: "ಮಳೆ ನಿಂತು ಹದಿನೈದು ದಿನ ಆಯ್ತು, ಆದ್ರೂ ನೀರು ಇನ್ನೂ ಏರ್ತಿದೆ, ಯಾಕೆ?"