ಸ್ಪಷ್ಟನೆ: ಮೇಸ್ತ್ರಿಯ ಸಂಬಳವೂ ಉತ್ಪಾದನಾ ವೆಚ್ಚವೇ

‘ಗೇರುಬೀಜದ ಬೆಲೆ ಮತ್ತು ಒಡೆಯುವವರ ಕೂಲಿ ಮಾತ್ರ ಉತ್ಪಾದನಾ ವೆಚ್ಚ, ಉಳಿದುದೆಲ್ಲ ಆಡಳಿತ ವೆಚ್ಚ, ಅದನ್ನು ಆಯಾ ವರ್ಷದ ಲಾಭದಿಂದಲೇ ಕಳೆಯಬೇಕು’ ಎಂಬ ಸಂದೇಶ ಮಂಗಳೂರು, ಉಡುಪಿಯ ವಾಣಿಜ್ಯ ವಿದ್ಯಾರ್ಥಿಗಳ ಹಾಗೂ ಸಣ್ಣ ಕಾರ್ಖಾನೆ ಮಾಲೀಕರ ವಾಟ್ಸಾಪ್ ಬಳಗಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಕಚ್ಚಾ ಬೀಜ ನೇರ ಸಾಮಗ್ರಿ, ಕಿಲೋ ಲೆಕ್ಕದಲ್ಲಿ ಒಡೆಯುವ ಮತ್ತು ಸಿಪ್ಪೆ ಸುಲಿಯುವ ಕೂಲಿ ನೇರ ಕೂಲಿ ಎಂಬಷ್ಟು ನಿಜ. ಆದರೆ ಬೀಜ ಬೇಯಿಸುವ ಬಾಯ್ಲರಿನ ಸೌದೆ, ತಿರುಳು ಒಣಗಿಸುವ ಬೋರ್ಮಾದ ಸವಕಳಿ, ಕೆಲಸ ನೋಡಿಕೊಳ್ಳುವ ಮೇಸ್ತ್ರಿಯ ಸಂಬಳ, ಶೆಡ್ಡಿನ ಬಾಡಿಗೆ ಇವೆಲ್ಲ ಯಾವ ಡಬ್ಬಿಗೆ ಎಷ್ಟೆಂದು ನೇರವಾಗಿ ಗುರುತಿಸಲಾಗದಿದ್ದರೂ ಕಾರ್ಖಾನೆಯ ಮೇಲ್ವೆಚ್ಚವಾಗಿ ಉತ್ಪಾದನಾ ವೆಚ್ಚಕ್ಕೇ ಸೇರುತ್ತವೆ. ಮಾರ್ಚ್ 31ರಂದು ಮಾರಾಟವಾಗದೆ ಉಳಿದ ತಿರುಳಿನ ಮೌಲ್ಯದಲ್ಲಿ ಅವುಗಳ ಪಾಲು ಇರಲೇಬೇಕು. ಈ ಪಾಲನ್ನು ಬಿಟ್ಟು ಕಿಲೋ ದರ ಕಟ್ಟುವ ಮಾಲೀಕರು ತಿಳಿಯದೆಯೇ ಅಸಲಿಗಿಂತ ಕಡಿಮೆಗೆ ಮಾರುವ ಅಪಾಯವಿದೆ ಎಂಬುದೇ ನಮ್ಮ ನಿಜವಾದ ಕಳವಳ.

ದಾಸ್ತಾನಿಗೆ ಸಂಬಂಧಿಸಿದ ಭಾರತೀಯ ಲೆಕ್ಕಪತ್ರ ಮಾನದಂಡ 2ರ ಪ್ರಕಾರ ಸ್ಥಿರ ಮೇಲ್ವೆಚ್ಚವನ್ನು, ಅಂದರೆ ಬಾಡಿಗೆಯಂತೆ ಉತ್ಪಾದನೆ ಹೆಚ್ಚು ಕಡಿಮೆಯಾದರೂ ಬದಲಾಗದ ಮೇಲ್ವೆಚ್ಚವನ್ನು, ಸಾಮಾನ್ಯ ಉತ್ಪಾದನಾ ಸಾಮರ್ಥ್ಯದ (ಸಾಧಾರಣ ಪರಿಸ್ಥಿತಿಯಲ್ಲಿ ಸರಾಸರಿಯಾಗಿ ನಿರೀಕ್ಷಿಸಬಹುದಾದ ಉತ್ಪಾದನೆಯ) ಆಧಾರದಲ್ಲಿ ಹಂಚಬೇಕು. ಆದ್ದರಿಂದ ಬೀಜ ಸಿಗದೆ ಕೆಲಸ ಅರ್ಧಕ್ಕಿಳಿದಾಗ ಹಂಚಿಕೆಯಾಗದೆ ಉಳಿದ ಬಾಡಿಗೆಯನ್ನು ದಾಸ್ತಾನಿಗೆ ಸೇರಿಸದೆ, ಆ ಅವಧಿಯ ಲಾಭದಿಂದಲೇ ಕಳೆಯುವ ‘ಅವಧಿ ವೆಚ್ಚ’ವೆಂದು ತೋರಿಸಬೇಕು. ಮಾರಾಟದ ಕಮಿಷನ್, ಜಾಹೀರಾತು, ಆಡಳಿತ ಕಚೇರಿಯ ಗುಮಾಸ್ತರ ಸಂಬಳ ಕೂಡ ಅವಧಿ ವೆಚ್ಚಗಳೇ.